ಆಡಿಷನ್ ಕೋಣೆಯಲ್ಲಿ ಕೂತವರು ಏನು ಕೇಳಿಸಿಕೊಳ್ಳುತ್ತಾರೆ?

ಯಾವ ಪೀಸ್ ನುಡಿಸಲಿ? ಸಂಗೀತ ಕಲಿಯಲು ವಿಶ್ವವಿದ್ಯಾಲಯಕ್ಕೆ ಸೇರುವಾಗಿನ ಆಡಿಷನ್, ಅಂದರೆ ನುಡಿಸಿ ಇಲ್ಲವೇ ಹಾಡಿ ತೋರಿಸುವ ಪರೀಕ್ಷೆ, ಅಂದ ತಕ್ಷಣ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಇದು. ಇಲ್ಲಿ ಕೂತಿರುವ ಹಲವರ ಮನಸ್ಸಿನಲ್ಲೂ ಅದೇ ಇರಬಹುದು. ಅದಕ್ಕೆ ಬರುತ್ತೇನೆ. ಆದರೆ ಮೊದಲು ಮೇಜಿನ ಆ ಕಡೆ ಕೂತವರ ಬಗ್ಗೆ ಮಾತಾಡೋಣ. ಅವರು ಏನು ಹುಡುಕುತ್ತಿದ್ದಾರೆ ಅಂತ ತಿಳಿದರೆ ಪೀಸ್ ಆರಿಸುವ ಕೆಲಸ ಅರ್ಧ ಹಗುರವಾಗುತ್ತದೆ.

ವಿಶ್ವವಿದ್ಯಾಲಯದ ಸಂಗೀತ ವಿಭಾಗಕ್ಕೆ ಸೇರಲು ಕೊಡುವ ಆಡಿಷನ್‌ನಲ್ಲಿ ನಿಮ್ಮ ಎದುರು ಕೂತವರು ಮೇಷ್ಟ್ರುಗಳು. ನಿಮ್ಮನ್ನು ಸೇರಿಸಿಕೊಂಡರೆ ಮುಂದಿನ ಮೂರು ನಾಲ್ಕು ವರ್ಷ ವಾರವಾರವೂ ನಿಮಗೆ ಪಾಠ ಹೇಳಬೇಕಾದವರು. ಹಾಗಾಗಿ ಅವರ ತಲೆಯಲ್ಲಿ ಓಡುವುದು "ಎಷ್ಟು ಚೆನ್ನಾಗಿ ನುಡಿಸಿದಳು" ಅನ್ನುವ ಒಂದೇ ಪ್ರಶ್ನೆ ಅಲ್ಲ. ಇವಳಿಗೆ ನಾನು ಏನು ಕಲಿಸಬಹುದು? ಹೇಳಿದ್ದು ಕಿವಿಗೆ ಬೀಳುತ್ತದಾ? ನಾಲ್ಕು ವರ್ಷ ಆದ ಮೇಲೆ ಇವಳು ಎಲ್ಲಿರುತ್ತಾಳೆ? ಇವೇ ಅವರ ಪ್ರಶ್ನೆಗಳು. ನಾನು ಅಂಥ ಪ್ಯಾನೆಲ್‌ಗಳಲ್ಲಿ ಕೂತಿದ್ದೇನೆ, ಮಕ್ಕಳನ್ನು ತಯಾರು ಮಾಡಿ ಕಳಿಸಿಯೂ ಇದ್ದೇನೆ. ಎರಡೂ ಕಡೆ ನೋಡಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಅಲ್ಲಿ ಪೂರ್ತಿ ತಯಾರಾದ ಕಲಾವಿದರನ್ನು ಯಾರೂ ಹುಡುಕುತ್ತಿಲ್ಲ. ಕಲಿಯಬಲ್ಲವರನ್ನು ಹುಡುಕುತ್ತಿದ್ದಾರೆ.

ಒಂದು ಉದಾಹರಣೆ ಹೇಳುತ್ತೇನೆ. ಒಬ್ಬಳು ಹುಡುಗಿ ಚೆಲ್ಲೊ, ಅಂದರೆ ಪಿಟೀಲಿನ ಜಾತಿಯ ದೊಡ್ಡ ವಾದ್ಯ, ನುಡಿಸುತ್ತಿದ್ದಳು. ಜರ್ಮನ್ ಸಂಯೋಜಕ ಬಾಖ್‌ನ ಒಂದು ನಿಧಾನದ ಪೀಸ್. ಚೆನ್ನಾಗಿಯೇ ನುಡಿಸುತ್ತಿದ್ದಳು, ಆದರೆ ಪ್ರತಿ ಸ್ವರಕ್ಕೂ ಕಮಾನನ್ನು ಒತ್ತಿ ಎಳೆಯುತ್ತಿದ್ದಳು. ನಾದ ದಪ್ಪಗಿತ್ತು, ಉಸಿರಾಡಲು ಜಾಗ ಇರಲಿಲ್ಲ. ಪ್ಯಾನೆಲ್‌ನಲ್ಲಿದ್ದ ಹಿರಿಯರೊಬ್ಬರು ಕೈ ಎತ್ತಿ ನಿಲ್ಲಿಸಿದರು. "ಮೊದಲ ನಾಲ್ಕು ಬಾರ್ ಇನ್ನೊಂದು ಸಲ ನುಡಿಸಮ್ಮ. ಈ ಸಲ ಕಮಾನಿನ ಅರ್ಧ ಮಾತ್ರ ಬಳಸು" ಅಂದರು. ಬಾರ್ ಅಂದರೆ ತಾಳದ ಒಂದು ಆವರ್ತ ಇದ್ದ ಹಾಗೆ. ಹುಡುಗಿ ಒಂದು ಕ್ಷಣ ಕಮಾನನ್ನೇ ನೋಡಿದಳು. ಎಲ್ಲಿಂದ ಎಲ್ಲಿವರೆಗೆ ಅರ್ಧ ಅಂತ ಕಣ್ಣಲ್ಲೇ ಅಳೆದ ಹಾಗಿತ್ತು. ಆಮೇಲೆ ಶುರು ಮಾಡಿದಳು. ಮೊದಲ ಬಾರ್ ತಡವರಿಸಿತು. ಎರಡನೆಯದರಲ್ಲಿ ನಾದ ತೆಳುವಾಯಿತು, ಮೂರನೆಯದರಲ್ಲಿ ಅವಳಿಗೇ ಏನೋ ಕೇಳಿಸಿತು. ಮುಖ ಬದಲಾಯಿತು. ನಾಲ್ಕನೆಯ ಬಾರ್ ಕೊನೆಗೆ ಯಾರೂ ಹೇಳದೇ ಇದ್ದರೂ ಕಮಾನನ್ನು ತಂತಿಯಿಂದ ಮೆಲ್ಲಗೆ ಎತ್ತಿದಳು.

ಅವಳು ಎರಡನೇ ಸಲ ನುಡಿಸಿದ್ದು ಮೊದಲಿಗಿಂತ ಅಚ್ಚುಕಟ್ಟಾಗಿರಲಿಲ್ಲ, ನಿಜವಾಗಿ ತಪ್ಪು ಜಾಸ್ತಿಯೇ ಇತ್ತು. ಆದರೂ ಪ್ಯಾನೆಲ್‌ನಲ್ಲಿದ್ದ ಎಲ್ಲರೂ ಪೆನ್ನು ಕೈಗೆತ್ತಿಕೊಂಡರು. ಅವಳಿಗೆ ಸೀಟು ಸಿಕ್ಕಿತು. ಹೊಸ ಸೂಚನೆ ಕೇಳಿ, ಅರ್ಥ ಮಾಡಿಕೊಂಡು, ಹೆದರದೆ ಮಾಡಿ ನೋಡಿ, ತನ್ನ ನಾದವನ್ನು ತಾನೇ ಕೇಳಿಸಿಕೊಂಡು ಇನ್ನೊಂದು ಹೆಜ್ಜೆ ಮುಂದಿಟ್ಟಳಲ್ಲ, ಮೇಷ್ಟ್ರಿಗೆ ಬೇಕಾದದ್ದು ಅದು.

ಹಾಗಾಗಿ ಒಂದು ಮಾತು ನೆನಪಿಡಿ. ಆಡಿಷನ್ ಮಧ್ಯೆ ನಿಮ್ಮನ್ನು ನಿಲ್ಲಿಸಿದರೆ ಗಾಬರಿಯಾಗಬೇಡಿ. ಸಾಮಾನ್ಯವಾಗಿ ಒಬ್ಬೊಬ್ಬರಿಗೆ ಹತ್ತು ಹದಿನೈದು ನಿಮಿಷ ಸಿಗುತ್ತದೆ. ಅಷ್ಟರಲ್ಲಿ ಎರಡು ಮೂರು ಪೀಸ್, ಸ್ಕೇಲ್ (ಸ್ವರಗಳ ಆರೋಹಣ ಅವರೋಹಣ), ನಾಲ್ಕು ಮಾತು ಎಲ್ಲ ಆಗಬೇಕು. ಒಂದು ಪೀಸ್‌ನಲ್ಲಿ ಬೇಕಾದದ್ದು ಕೇಳಿಸಿದ ತಕ್ಷಣ "ಸಾಕು, ಮುಂದಿನದು" ಅನ್ನುತ್ತಾರೆ. ಅದು ಸಮಯದ ಲೆಕ್ಕ, ನಿಮ್ಮ ಮೇಲಿನ ತೀರ್ಪಲ್ಲ. ಮನೆಯಲ್ಲಿ ಅಭ್ಯಾಸ ಮಾಡುವಾಗಲೇ ಯಾರಾದರೂ ಎಲ್ಲೆಂದರಲ್ಲಿ ನಿಲ್ಲಿಸಿ, ಬೇರೆ ಜಾಗದಿಂದ ಶುರು ಮಾಡಿಸಲಿ. ಕೋಣೆಯಲ್ಲಿ ಆಗ ಅದು ಹೊಸದು ಅನ್ನಿಸುವುದಿಲ್ಲ.

ಈಗ ಪೀಸ್ ವಿಷಯ.

ನಿಮ್ಮ ಶಕ್ತಿಯ ಕೊನೆಯ ಮೆಟ್ಟಿಲಲ್ಲಿರುವ ಪೀಸ್ ತೆಗೆದುಕೊಂಡು ಹೋಗಬೇಡಿ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ಸಾಕು. ಕಷ್ಟದ ಪೀಸನ್ನು ಹೇಗೋ ದಾಟಿಸುವವರನ್ನು ಪ್ಯಾನೆಲ್ ಎಷ್ಟೋ ನೋಡಿರುತ್ತದೆ. ಅಂಥ ನುಡಿಸಾಣಿಕೆಯಲ್ಲಿ ಬರೀ ಹೋರಾಟ ಕಾಣಿಸುತ್ತದೆ, ಸಂಗೀತ ಕೇಳಿಸುವುದಿಲ್ಲ. ಮಧ್ಯಮ ಮಟ್ಟದ ಪೀಸ್ ನಿಮ್ಮ ಕೈಗೆ ಪೂರ್ತಿ ಕೂತಿದ್ದರೆ ನಾದ ಹೇಗಿದೆ, ಲಯ ಹೇಗಿದೆ, ವಾಕ್ಯ ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ ಅನ್ನುವುದೆಲ್ಲ ಕೇಳಿಸಲು ಜಾಗ ಇರುತ್ತದೆ. ಎರಡು ತಿಂಗಳ ಹಿಂದೆ ಹಿಡಿದ ಪೀಸ್ ಆಡಿಷನ್‌ಗೆ ಒಯ್ಯುವುದು ಹೊಸ ಚಪ್ಪಲಿ ಹಾಕಿಕೊಂಡು ದೂರದ ಊರಿಗೆ ನಡೆದ ಹಾಗೆ. ಕಲಿತು, ಕೆಲವು ತಿಂಗಳು ಪಕ್ಕಕ್ಕಿಟ್ಟು, ಮತ್ತೆ ಕೈಗೆತ್ತಿಕೊಂಡ ಪೀಸ್ ಗಟ್ಟಿ. ಜನರೆದುರು ಒಂದು ಸಲವಾದರೂ ನುಡಿಸಿದ್ದಾದರೆ ಇನ್ನೂ ಗಟ್ಟಿ.

ಎರಡು ಪೀಸ್ ಬೇರೆ ಬೇರೆ ಸ್ವಭಾವದ್ದಾಗಿರಲಿ. ಒಂದು ವೇಗದ್ದು, ಇನ್ನೊಂದು ನಿಧಾನದ್ದು. ನಿಧಾನದ ಪೀಸನ್ನು ಹಗುರ ಅಂದುಕೊಂಡು ಕಡೆಗಣಿಸುವವರು ತುಂಬಾ ಜನ. ವೇಗದಲ್ಲಿ ಬೆರಳು ಮುಚ್ಚಿಡುವುದನ್ನು ನಿಧಾನ ಬಿಚ್ಚಿ ತೋರಿಸುತ್ತದೆ. ಉದ್ದದ ಒಂದು ಸ್ವರ ಹಿಡಿದು ಅದಕ್ಕೆ ಶುರು, ನಡು, ಕೊನೆ ಅಂತ ಕೊಡಲು ಬರುತ್ತದಾ ಅನ್ನುವುದು ಮೊದಲ ಅರ್ಧ ನಿಮಿಷದಲ್ಲೇ ತಿಳಿದುಬಿಡುತ್ತದೆ. ಹಾಡುವವರಿಗೂ ಇದೇ ಮಾತು. ಹದಿನೇಳು ಹದಿನೆಂಟರ ಗಂಟಲಿಗೆ ಭಾರಿ ಒಪೆರಾ ಆರಿಯ, ಅಂದರೆ ಸಂಗೀತ ನಾಟಕದಲ್ಲಿ ಒಬ್ಬರೇ ಹಾಡುವ ಹಾಡು, ಹೊರಿಸಬೇಡಿ. ಆ ವಯಸ್ಸಿನಲ್ಲಿ ದನಿ ಇನ್ನೂ ಬೆಳೆಯುತ್ತಿರುತ್ತದೆ, ಅದನ್ನು ಮೇಷ್ಟ್ರುಗಳು ಬಲ್ಲರು. ದೊಡ್ಡ ದನಿ ಕೇಳಿ ಅವರು ಬೆರಗಾಗುವುದಕ್ಕಿಂತ ಗಂಟಲಿಗೆ ಏನಾಗುತ್ತದೋ ಅಂತ ಚಿಂತಿಸುವುದೇ ಜಾಸ್ತಿ. ಸರಳವಾದ ಒಂದು ಹಾಡನ್ನು ಸಾಹಿತ್ಯದ ಅರ್ಥ ತಿಳಿದು, ಉಚ್ಚಾರ ಸರಿಮಾಡಿಕೊಂಡು ಹಾಡಿ. ಬೇರೆ ಭಾಷೆಯ ಹಾಡಾದರೆ ಪ್ರತಿ ಪದದ ಅರ್ಥವೂ ಗೊತ್ತಿರಬೇಕು. "ಈ ಸಾಲಿನಲ್ಲಿ ಏನು ಹೇಳುತ್ತಿದ್ದೀಯ?" ಅಂತ ಕೇಳಿಯೇ ಕೇಳುತ್ತಾರೆ.

ಪೀಸ್ ಆರಿಸುವ ಮೊದಲು ಆಯಾ ವಿಶ್ವವಿದ್ಯಾಲಯ ಕೊಟ್ಟಿರುವ ಪಟ್ಟಿಯನ್ನು ಓದಿ. ಮೇಲಿಂದ ಕೆಳಗೆ, ಒಂದೊಂದು ಸಾಲೂ. ಯಾವ ಕಾಲದ ಪೀಸ್ ಬೇಕು, ಕಂಠಪಾಠ ಇರಬೇಕಾ, ಎಲ್ಲ ಭಾಗವೂ ಬೇಕಾ ಒಂದು ಭಾಗ ಸಾಕಾ, ಎಷ್ಟು ಸ್ಕೇಲ್, ಯಾವ ವೇಗ. ಒಂದು ಕಡೆ ಕೇಳಿದ್ದು ಇನ್ನೊಂದು ಕಡೆ ಇರುವುದಿಲ್ಲ. ನಾಲ್ಕು ಕಡೆ ಅರ್ಜಿ ಹಾಕುವುದಾದರೆ ನಾಲ್ಕೂ ಪಟ್ಟಿ ಪಕ್ಕಪಕ್ಕ ಇಟ್ಟುಕೊಂಡು, ಆದಷ್ಟು ಎಲ್ಲಕ್ಕೂ ಹೊಂದುವ ಪೀಸ್‌ಗಳನ್ನೇ ಆರಿಸಿ. ಇಲ್ಲದಿದ್ದರೆ ಒಂದು ವರ್ಷದಲ್ಲಿ ಎಂಟು ಪೀಸ್ ತಯಾರು ಮಾಡಲು ಹೋಗಿ ಒಂದೂ ಹಣ್ಣಾಗುವುದಿಲ್ಲ. ತಾರೀಕುಗಳನ್ನೂ ಈಗಲೇ ನೋಡಿಕೊಳ್ಳಿ. ಬ್ರಿಟನ್ನಿನ ಕನ್ಸರ್ವೇಟರಿಗಳಲ್ಲಿ, ಅಂದರೆ ಸಂಗೀತದಂಥ ಕಲೆಗಳಿಗೇ ಮೀಸಲಾದ ಕಾಲೇಜುಗಳಲ್ಲಿ, ಸಂಗೀತಕ್ಕೆ ಅರ್ಜಿ ಹಾಕುವ ಗಡುವು ಅಕ್ಟೋಬರ್ ಶುರುವಿನಲ್ಲೇ ಮುಗಿಯುತ್ತದೆ, ಕೋರ್ಸ್ ಶುರುವಾಗುವುದಕ್ಕೆ ಸುಮಾರು ಒಂದು ವರ್ಷ ಮುಂಚೆ. ಅಮೆರಿಕದಲ್ಲಿ ಬಹಳಷ್ಟು ಕಡೆ ಡಿಸೆಂಬರ್ 1ರ ಸುಮಾರಿಗೆ. ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಅಂದವರು ಒಂದು ವರ್ಷ ಕಳೆದುಕೊಳ್ಳುತ್ತಾರೆ.

ಇನ್ನೊಂದು ವಿಷಯ ತುಂಬಾ ಜನರಿಗೆ ತಿಳಿದಿರುವುದಿಲ್ಲ. ಮುಂದೆ ನೀವು ಯಾರ ಹತ್ತಿರ ಕಲಿಯಬೇಕು ಅಂತ ಇದ್ದೀರೋ, ಆ ಮೇಷ್ಟ್ರಿಗೆ ಮೊದಲೇ ಒಂದು ಇ-ಮೇಲ್ ಬರೆದು ಟ್ರಯಲ್ ಪಾಠ ಕೇಳಬಹುದು. ಎಲ್ಲರೂ ಕೊಡುವುದಿಲ್ಲ, ಕೆಲವರು ಖುಷಿಯಿಂದ ಕೊಡುತ್ತಾರೆ. ಅದರಿಂದ ಸೀಟು ಗ್ಯಾರಂಟಿ ಆಗುವುದಿಲ್ಲ. ಆದರೆ ಅವರು ಕಲಿಸುವ ರೀತಿ ನಿಮಗೆ ಹೊಂದುತ್ತದಾ ಅಂತ ತಿಳಿಯುತ್ತದೆ. ಸಂಗೀತದಲ್ಲಿ ಸಂಸ್ಥೆಯ ಹೆಸರಿಗಿಂತ ಗುರು ಮುಖ್ಯ ಅನ್ನುವುದನ್ನು ನಾನು ಗಟ್ಟಿಯಾಗಿ ನಂಬಿದ್ದೇನೆ. ದೊಡ್ಡ ಹೆಸರಿನ ಕಡೆ ಸೇರಿ, ತನಗೆ ಹೊಂದದ ಮೇಷ್ಟ್ರ ಹತ್ತಿರ ಬಾಡಿದ ಮಕ್ಕಳನ್ನು ನೋಡಿದ್ದೇನೆ.

ರೆಕಾರ್ಡಿಂಗ್‌ಗೆ ಬರೋಣ. ಈಗ ಬಹಳಷ್ಟು ಕಡೆ ಮೊದಲ ಸುತ್ತು ವಿಡಿಯೊದಲ್ಲೇ ನಡೆಯುತ್ತದೆ. ಅದು ಚೆನ್ನಾಗಿದ್ದರೆ ಮಾತ್ರ ಎದುರು ಕರೆಯುತ್ತಾರೆ. ಇಷ್ಟು ದೊಡ್ಡ ಬಾಗಿಲನ್ನು ಮಕ್ಕಳು ಕೊನೆಯ ವಾರದಲ್ಲಿ, ಒಂದು ಸಂಜೆಯಲ್ಲಿ ದಾಟಲು ನೋಡುತ್ತಾರೆ. ನನಗೆ ಸಂಕಟವಾಗುವುದು ಅಲ್ಲೇ.

ದುಬಾರಿ ಕ್ಯಾಮೆರಾ ಬೇಡ. ಒಳ್ಳೆಯ ಫೋನ್ ಸಾಕು, ಆದರೆ ಮೈಕಿಗೆ ಸ್ವಲ್ಪ ಗಮನ ಕೊಡಿ. ಫೋನಿನೊಳಗಿನ ಮೈಕು ಮಾತಿಗಾಗಿ ಮಾಡಿದ್ದು. ಜೋರಾದಾಗ ತಾನೇ ತಗ್ಗಿಸುತ್ತದೆ, ಮೆಲ್ಲಗಾದಾಗ ತಾನೇ ಏರಿಸುತ್ತದೆ. ನೀವು ಕಷ್ಟಪಟ್ಟು ಮಾಡಿದ ಏರಿಳಿತವೆಲ್ಲ ಸಪಾಟಾಗಿ ಕೇಳಿಸುತ್ತದೆ. ಉದ್ದಕ್ಕೆ ಎಳೆದ ಸ್ವರವನ್ನು ಹಿನ್ನೆಲೆ ಸದ್ದು ಅಂತ ತಿಳಿದು ಅಳಿಸಿಹಾಕುವುದೂ ಉಂಟು. ಹಾಗಾಗಿ ಸದ್ದು ತಗ್ಗಿಸುವ ಸೆಟ್ಟಿಂಗ್, ತಾನೇ ಏರಿಳಿಸುವ ಸೆಟ್ಟಿಂಗ್ ಎರಡನ್ನೂ ಆಫ್ ಮಾಡಿ. ಆಗದಿದ್ದರೆ ಹೊರಗಿನ ಮೈಕು ಸಿಕ್ಕಿಸಿ. ಮೈಕನ್ನು ವಾದ್ಯದ ಬಾಯಿಗೇ ಹಿಡಿಯಬೇಡಿ. ಎರಡು ಮೂರು ಮೀಟರ್ ದೂರ ಇಟ್ಟರೆ ನಾದ ಕೋಣೆಯಲ್ಲಿ ಬೆರೆತು ಬರುತ್ತದೆ. ತುಂಬಾ ಹತ್ತಿರವಾದರೆ ಕಮಾನಿನ ಕರಕರ, ಬೆರಳಿನ ಟಕಟಕವೇ ಜಾಸ್ತಿ. ಇಟ್ಟಲ್ಲಿಂದ ಅರ್ಧ ಅರ್ಧ ಮೀಟರ್ ಸರಿಸಿ, ಪ್ರತಿ ಸಲ ಅರ್ಧ ನಿಮಿಷ ರೆಕಾರ್ಡ್ ಮಾಡಿ, ಹೆಡ್‌ಫೋನ್ ಹಾಕಿ ಕೇಳಿ ನೋಡಿ. ಒಂದು ಗಂಟೆ ಅದಕ್ಕೇ ಮೀಸಲಿಡಿ.

ಪಿಯಾನೊ ಇದ್ದರೆ ಆ ವಾರವೇ ಶ್ರುತಿ ಮಾಡಿಸಿ. ಫ್ಯಾನ್ ನಿಲ್ಲಿಸಿ. ಮುಖ, ಕೈ, ವಾದ್ಯ ಮೂರೂ ಕಾಣಬೇಕು. ಒಂದು ಪೀಸ್‌ನ ಮಧ್ಯೆ ಕತ್ತರಿಸಿ ಅಂಟಿಸುವ ಹಾಗಿಲ್ಲ, ಶುರುವಿಂದ ಕೊನೆವರೆಗೆ ಒಂದೇ ಟೇಕ್. ಬೇರೆ ಬೇರೆ ಪೀಸ್ ಬೇರೆ ಬೇರೆ ದಿನ ರೆಕಾರ್ಡ್ ಮಾಡಲು ಸಾಮಾನ್ಯವಾಗಿ ಬಿಡುತ್ತಾರೆ, ನಿಯಮ ಓದಿ ನೋಡಿ. ಒಂದೇ ದಿನ ಇಪ್ಪತ್ತು ಟೇಕ್ ತೆಗೆಯಬೇಡಿ. ಮೂರು ನಾಲ್ಕರ ನಂತರ ಕೈ ಸೋಲುತ್ತದೆ, ಕಿವಿ ಅದಕ್ಕಿಂತ ಮೊದಲೇ ಸೋತಿರುತ್ತದೆ. ಒಂದು ಚಿಕ್ಕ ತಪ್ಪಿರುವ, ಜೀವ ಇರುವ ಟೇಕ್ ಮತ್ತು ತಪ್ಪೇ ಇಲ್ಲದ, ಹೆದರಿ ಹೆದರಿ ನುಡಿಸಿದ ಟೇಕ್ ಎರಡೂ ಕೈಯಲ್ಲಿದ್ದರೆ ನಾನು ಮೊದಲನೆಯದನ್ನೇ ಕಳಿಸು ಅನ್ನುತ್ತೇನೆ. ಶುರುವಿನ ಮೂವತ್ತು ಸೆಕೆಂಡ್ ಮಾತ್ರ ಗಟ್ಟಿಯಾಗಿರಲಿ. ನೂರಾರು ವಿಡಿಯೊ ನೋಡುವವರು ಮೊದಲ ಅಭಿಪ್ರಾಯ ಕಟ್ಟಿಕೊಳ್ಳುವುದು ಆ ಹೊತ್ತಿನಲ್ಲೇ.

ವಿಡಿಯೊ ಅಂದಾಗ ಒಂದು ಅಧ್ಯಯನ ಹೇಳಬೇಕು. 2013ರಲ್ಲಿ ಚಿಯಾ ಜುಂಗ್ ತ್ಸಾಯ್ ಅನ್ನುವ ಸಂಶೋಧಕಿ ಅಂತರರಾಷ್ಟ್ರೀಯ ಸಂಗೀತ ಸ್ಪರ್ಧೆಗಳ ಕೊನೆಯ ಸುತ್ತಿನ ತುಣುಕುಗಳನ್ನು ಜನರಿಗೆ ತೋರಿಸಿದರು. ಕೆಲವರಿಗೆ ಬರೀ ಧ್ವನಿ, ಕೆಲವರಿಗೆ ಧ್ವನಿಯೇ ಇಲ್ಲದ ಬರೀ ಚಿತ್ರ, ಕೆಲವರಿಗೆ ಎರಡೂ. ಗೆದ್ದವರು ಯಾರು ಅಂತ ಊಹಿಸಬೇಕು. ಬರೀ ಚಿತ್ರ ನೋಡಿದವರೇ ಜಾಸ್ತಿ ಸರಿಯಾಗಿ ಹೇಳಿದರು! ಸಂಗೀತ ಬಲ್ಲವರೂ ಇದಕ್ಕೆ ಹೊರತಾಗಿರಲಿಲ್ಲ. ಇದನ್ನು ಕೇಳಿ, ಮೈ ಕುಣಿಸಬೇಕು, ಕಣ್ಣು ಮುಚ್ಚಿ ತಲೆ ಆಡಿಸಬೇಕು ಅಂದುಕೊಳ್ಳಬೇಡಿ. ನಾಟಕ ಮಾಡಿದರೆ ಮೇಷ್ಟ್ರುಗಳಿಗೆ ತಿಳಿಯುತ್ತದೆ. ನಾನು ಇದರಿಂದ ತೆಗೆದುಕೊಂಡಿದ್ದು ಬೇರೆ. ಎತ್ತಿದ ಭುಜ, ಬಿಗಿದ ದವಡೆ, ಹಿಡಿದಿಟ್ಟ ಉಸಿರು, ಇವು ಕಣ್ಣಿಗೂ ಬೀಳುತ್ತವೆ, ನಾದದಲ್ಲೂ ಕೇಳಿಸುತ್ತವೆ. ನಿಮ್ಮ ವಿಡಿಯೊವನ್ನು ಒಮ್ಮೆ ಧ್ವನಿ ಇಲ್ಲದೆ ನೋಡಿ. ಎಲ್ಲಿ ಮೈ ಬಿಗಿಯಾಗುತ್ತದೋ ಆ ಜಾಗವನ್ನು ಗುರುತು ಹಾಕಿಕೊಳ್ಳಿ. ಕಷ್ಟದ ಬಾರ್ ಬರುವುದಕ್ಕೆ ಎರಡು ಬಾರ್ ಮೊದಲೇ ಭುಜ ಏರಿರುತ್ತದೆ. ಕೆಲಸ ಮಾಡಬೇಕಾದದ್ದು ಆ ಎರಡು ಬಾರ್ ಮೇಲೆ.

ಅಭ್ಯಾಸದ ಬಗ್ಗೆ ನಿಮಗೆ ಹೊಸದಾಗಿ ಹೇಳುವುದು ಕಡಿಮೆ, ದಿನಾ ಮಾಡುತ್ತಿದ್ದೀರಿ. ಒಂದೇ ಒಂದು ಸೇರಿಸುತ್ತೇನೆ. ಒಂದೇ ಸಾಲನ್ನು ಇಪ್ಪತ್ತು ಸಲ ತಿರುವಿದರೆ ಇಪ್ಪತ್ತನೆಯ ಸಲ ಸರಿ ಬರುತ್ತದೆ, ನಮಗೆ ಸಮಾಧಾನ. ಆದರೆ ಆಡಿಷನ್‌ನಲ್ಲಿ ನಿಮಗೆ ಸಿಗುವುದು ಮೊದಲನೆಯ ಸಲ ಮಾತ್ರ, ಅಲ್ವಾ? 2016ರಲ್ಲಿ ಕಾರ್ಟರ್ ಮತ್ತು ಗ್ರಾನ್ ಅನ್ನುವ ಇಬ್ಬರು ಒಂದು ಚಿಕ್ಕ ಪ್ರಯೋಗ ಮಾಡಿದರು. ಹತ್ತು ಜನ ಕ್ಲಾರಿನೆಟ್ ವಾದಕರು. ಕೆಲವು ಪೀಸ್‌ಗಳನ್ನು ತಲಾ 12 ನಿಮಿಷ ಒಂದೇ ಸಮನೆ ಅಭ್ಯಾಸ ಮಾಡಿದರು. ಇನ್ನು ಕೆಲವನ್ನು ಮೂರು ಮೂರು ನಿಮಿಷದಂತೆ ಅದಲುಬದಲು ಮಾಡುತ್ತಾ ಅಷ್ಟೇ ಹೊತ್ತು ಅಭ್ಯಾಸ ಮಾಡಿದರು. ಮರುದಿನ ನುಡಿಸಿದಾಗ, ಅದಲುಬದಲು ಮಾಡಿದ್ದರ ಕಡೆಗೇ ಒಲವು ಕಂಡಿತು. ಹತ್ತು ಜನರ ಪ್ರಯೋಗದಿಂದ ದೊಡ್ಡ ತೀರ್ಮಾನ ಬೇಡ. ಆದರೆ ಕಾರಣ ಒಪ್ಪುವಂಥದ್ದು: ಬಿಟ್ಟು ಬಂದ ಪೀಸಿಗೆ ಮರಳಿದಾಗಲೆಲ್ಲ ತಲೆ ಅದನ್ನು ಹೊಸದಾಗಿ ನೆನಪು ಮಾಡಿಕೊಳ್ಳಬೇಕಾಗುತ್ತದೆ. ಆಡಿಷನ್ ಕೋಣೆಯಲ್ಲೂ ಬೇಕಾಗುವುದು ಅದೇ.

ಹಾಗಾಗಿ ಕೊನೆಯ ಎರಡು ತಿಂಗಳು ದಿನಕ್ಕೊಮ್ಮೆ ಹೀಗೆ ಮಾಡಿ. ವಾದ್ಯ ತೆಗೆದ ಐದೇ ನಿಮಿಷಕ್ಕೆ, ಕೈ ಬಿಸಿಯಾಗುವ ಮೊದಲೇ, ಒಂದು ಪೀಸ್ ಶುರುವಿಂದ ನುಡಿಸಿ. ಏನೇ ಆದರೂ ನಿಲ್ಲಬೇಡಿ. ಸ್ಕೇಲ್‌ಗಳ ಹೆಸರನ್ನು ಚೀಟಿಗಳಲ್ಲಿ ಬರೆದಿಟ್ಟು, ಒಂದು ಚೀಟಿ ಎತ್ತಿ, ಬಂದದ್ದನ್ನು ನುಡಿಸಿ. ಹಾಡುವವರು ಮಾತ್ರ ಗಂಟಲು ಸಡಿಲವಾಗದೆ ಏರು ಸ್ವರಕ್ಕೆ ಹೋಗಬೇಡಿ, ಅವರಿಗೆ ಈ ಮಾತು ಹೊಂದುವುದಿಲ್ಲ. ಉಳಿದ ಅಭ್ಯಾಸ ಎಂದಿನಂತೆ ನಡೆಯಲಿ. ವಾರಕ್ಕೊಮ್ಮೆ ಇಬ್ಬರು ಮೂವರನ್ನು ಕೂರಿಸಿಕೊಂಡು ಬಾಗಿಲು ತೆಗೆದು ಒಳಗೆ ಬರುವುದರಿಂದ ಹಿಡಿದು ಹೊರಗೆ ಹೋಗುವವರೆಗೆ ಪೂರ್ತಿ ಆಡಿಷನ್ ಮಾಡಿ. ಅವರಿಗೆ ಸಂಗೀತ ಬರಬೇಕೆಂದೇನೂ ಇಲ್ಲ. ಎದುರು ಕೂತು ಏನೋ ಬರೆದುಕೊಂಡರೆ ಸಾಕು.

ಪಕ್ಕವಾದ್ಯದವರ ವಿಷಯ. ಕೆಲವು ಕಡೆ ಸಂಸ್ಥೆಯವರೇ ಪಿಯಾನೊ ನುಡಿಸುವವರನ್ನು ಕೊಡುತ್ತಾರೆ, ಅವರೊಂದಿಗೆ ಅಭ್ಯಾಸಕ್ಕೆ ಐದು ಹತ್ತು ನಿಮಿಷ ಸಿಕ್ಕರೆ ಹೆಚ್ಚು. ಆ ಹೊತ್ತನ್ನು ಪೀಸ್ ಪೂರ್ತಿ ನುಡಿಸಿ ಕಳೆಯಬೇಡಿ. ಶುರು, ವೇಗ ಬದಲಾಗುವ ಜಾಗ, ಕೊನೆ, ಈ ಮೂರು ನೋಡಿ. ವೇಗ ಎಷ್ಟು ಅಂತ ಬಾಯಲ್ಲಿ ಹೇಳುವ ಬದಲು ಎರಡು ಬಾರ್ ಮೆಲ್ಲಗೆ ಹಾಡಿ ತೋರಿಸಿ. ಅವರಿಗೆ ಕೊಡುವ ಪುಟಗಳು ಸರಿಯಾಗಿ ಅಂಟಿಸಿ, ತಿರುಗಿಸಲು ಸುಲಭವಾಗಿರಲಿ. ನುಡಿಸಿ ಆದ ಮೇಲೆ ಅವರಿಗೆ ಥ್ಯಾಂಕ್ಸ್ ಹೇಳಿ. ಪ್ಯಾನೆಲ್ ಅದನ್ನೂ ನೋಡುತ್ತಿರುತ್ತದೆ, ಆದರೆ ಅದಕ್ಕಾಗಿ ಹೇಳಬೇಡಿ, ಆ ಮನುಷ್ಯರು ನಿಮಗಾಗಿ ನುಡಿಸಿದ್ದಾರೆ ಅಂತ ಹೇಳಿ.

ಸೈಟ್ ರೀಡಿಂಗ್ ಅಂದರೆ ಎಲ್ಲರಿಗೂ ಭಯ. ಸ್ವರ ಬರೆದ ಹಾಳೆಯನ್ನು ಮೊದಲ ಸಲ ನೋಡಿ ಹಾಗೇ ನುಡಿಸುವುದು. ಇದು ಹಳೆಯ ಪದ್ಧತಿ. ಪ್ಯಾರಿಸ್ ಕನ್ಸರ್ವೇಟರಿಯಲ್ಲಿ 1910ರ ಕ್ಲಾರಿನೆಟ್ ಪರೀಕ್ಷೆಗೆ ಫ್ರೆಂಚ್ ಸಂಯೋಜಕ ಡೆಬ್ಯುಸಿ ಎರಡು ರಚನೆ ಬರೆದುಕೊಟ್ಟಿದ್ದ. ಒಂದು ಮುಂಚೆಯೇ ತಯಾರು ಮಾಡಿಕೊಂಡು ಬರಲು, ಇನ್ನೊಂದು ಪುಟ್ಟದು, ಅಲ್ಲೇ ನೋಡಿ ನುಡಿಸಲು. ಅದು ಪ್ರವೇಶದ ಆಡಿಷನ್ ಅಲ್ಲ, ಒಳಗಿದ್ದವರ ಪರೀಕ್ಷೆ. ಆದರೂ ಆ ಪುಟ್ಟ ರಚನೆ ನನಗೆ ಇಷ್ಟ. ಪರೀಕ್ಷೆಗೆ ಅಂತ ಬರೆದದ್ದರಲ್ಲೂ ಸಂಗೀತ ಇದೆ. ಅದನ್ನು ಅಂದು ಮೊದಲ ಸಲ ನೋಡಿದ ವಿದ್ಯಾರ್ಥಿಗಳೂ ಬರೀ ಸ್ವರ ಎಣಿಸದೆ ಹಾಡಿಸಬೇಕಿತ್ತಲ್ಲ.

ನಿಮಗೆ ಹಾಳೆ ಕೊಟ್ಟ ಮೇಲೆ ನೋಡಲು ಅರ್ಧ ನಿಮಿಷ ಕೊಡುತ್ತಾರೆ ಅಂದುಕೊಳ್ಳಿ. ಮಕ್ಕಳು ಮೊದಲ ಸಾಲನ್ನೇ ಮತ್ತೆ ಮತ್ತೆ ನೋಡುತ್ತಾರೆ. ಹಾಗೆ ಮಾಡಬೇಡಿ. ಯಾವ ಸ್ಕೇಲ್, ಒಂದು ಬಾರ್‌ನಲ್ಲಿ ಎಷ್ಟು ಎಣಿಕೆ, ಅಷ್ಟು ನೋಡಿ. ಆಮೇಲೆ ಎಲ್ಲಕ್ಕಿಂತ ಕಷ್ಟದ ಬಾರ್ ಹುಡುಕಿ. ಆ ಬಾರನ್ನು ಯಾವ ವೇಗದಲ್ಲಿ ನುಡಿಸಬಲ್ಲಿರೋ ಇಡೀ ಹಾಳೆಗೆ ಅದೇ ವೇಗ. ಶುರು ಮಾಡಿದ ಮೇಲೆ ತಪ್ಪು ಸ್ವರ ತಿದ್ದಲು ನಿಲ್ಲಬೇಡಿ, ಹಿಂದಕ್ಕೆ ಹೋಗಬೇಡಿ. ಸ್ವರ ತಪ್ಪಿದರೆ ಒಂದು ಸ್ವರ ಹೋಯಿತು ಅಷ್ಟೇ, ಲಯ ನಿಂತರೆ ಎಲ್ಲವೂ ನಿಂತ ಹಾಗೆ. ದಿನಕ್ಕೆ ಐದು ನಿಮಿಷ, ದಿನಕ್ಕೊಂದು ಹೊಸ ಹಾಳೆ. ನಿಮ್ಮ ಮಟ್ಟಕ್ಕಿಂತ ಸುಲಭದ್ದು. ಆರು ತಿಂಗಳು ಬಿಡದೆ ಮಾಡಿದರೆ ಈ ಭಯ ಬಹುಪಾಲು ಹೋಗುತ್ತದೆ. ಕಿವಿಯ ಪರೀಕ್ಷೆಗೂ ಇಷ್ಟೇ: ಕೇಳಿದ ಸಾಲನ್ನು ಹಾಡುವುದು, ಲಯವನ್ನು ಚಪ್ಪಾಳೆ ತಟ್ಟಿ ತೋರಿಸುವುದು, ಎರಡು ಸ್ವರಗಳ ನಡುವಿನ ಅಂತರ ಹೇಳುವುದು. ವಾದ್ಯ ನುಡಿಸುವವರು "ನನಗೆ ಹಾಡಲು ಬರಲ್ಲ" ಅನ್ನುತ್ತಾರೆ. ದನಿ ಚೆಂದ ಇರಬೇಕಾಗಿಲ್ಲ, ಶ್ರುತಿಯಲ್ಲಿದ್ದರೆ ಸಾಕು.

ಭಯದ ಬಗ್ಗೆ ಹೇಳದಿದ್ದರೆ ಈ ಮಾತು ಪೂರ್ತಿಯಾಗುವುದಿಲ್ಲ. ಎದೆ ಡವಡವ, ಕೈ ತಣ್ಣಗೆ, ಬಾಯಿ ಒಣಗುವುದು. ಎಲ್ಲರಿಗೂ ಆಗುತ್ತದೆ, ಪ್ಯಾನೆಲ್‌ನಲ್ಲಿ ಕೂತವರಿಗೂ ಅವರ ಕಾಲದಲ್ಲಿ ಆಗಿದೆ. ಸುಮ್ನೆ "ಹೆದರಬೇಡ, ಶಾಂತವಾಗಿರು" ಅಂತ ಹೇಳುವುದರಿಂದ ಪ್ರಯೋಜನ ಕಡಿಮೆ. 2014ರಲ್ಲಿ ಆಲಿಸನ್ ವುಡ್ ಬ್ರೂಕ್ಸ್ ಅನ್ನುವ ಸಂಶೋಧಕಿ ಜನರಿಂದ ಬೇರೆಯವರೆದುರು ಹಾಡಿಸಿದರು. ಹಾಡುವ ಮೊದಲು "ನನಗೆ ಹುರುಪಾಗಿದೆ" ಅಂತ ಬಾಯಿಬಿಟ್ಟು ಹೇಳಿಕೊಂಡವರು, "ನನಗೆ ಆತಂಕವಾಗಿದೆ" ಅಂದವರಿಗಿಂತ ಚೆನ್ನಾಗಿ ಹಾಡಿದರು. ಹುರುಪಿನಲ್ಲೂ ಎದೆ ಹೊಡೆದುಕೊಳ್ಳುತ್ತದೆ, ಭಯದಲ್ಲೂ ಹೊಡೆದುಕೊಳ್ಳುತ್ತದೆ. ಹೊಡೆದುಕೊಳ್ಳುವ ಎದೆಯನ್ನು ನಿಲ್ಲಿಸುವುದಕ್ಕಿಂತ ಅದನ್ನು ಹುರುಪು ಅಂತ ಕರೆದುಕೊಳ್ಳುವುದು ಸುಲಭ. ಕೈ ನಡುಗದಿರಲಿ ಅಂತ ಪ್ರೊಪ್ರನಲಾಲ್ ಮಾತ್ರೆ ನುಂಗುವವರಿದ್ದಾರೆ. ಅದು ಹೃದಯಕ್ಕೆ ಕೊಡುವ ಔಷಧಿ. ಆಸ್ತಮಾ ಇದ್ದವರಿಗೆ ಅಪಾಯ. ಗೆಳೆಯ ಕೊಟ್ಟ ಅಂತ ಯಾವತ್ತೂ ತೆಗೆದುಕೊಳ್ಳಬೇಡಿ. ಭಯ ಮಿತಿ ಮೀರಿದ್ದರೆ ಡಾಕ್ಟರ ಹತ್ತಿರವೇ ಹೋಗಿ ಮಾತಾಡಿ.

ಕೋಣೆಗೆ ಹೋದ ಮೇಲೆ ಶ್ರುತಿಗೆ ಬೇಕಾದಷ್ಟು ಹೊತ್ತು ತೆಗೆದುಕೊಳ್ಳಿ. ಅಲ್ಲಿನ ಪಿಯಾನೊ ನಿಮ್ಮ ಮನೆಯ ಟ್ಯೂನರ್ ತೋರಿಸುವ ಶ್ರುತಿಯಲ್ಲೇ ಇರಬೇಕೆಂದಿಲ್ಲ. 'ಎ' ಸ್ವರಕ್ಕೆ ಅಂತರರಾಷ್ಟ್ರೀಯ ಮಾನದಂಡ 440 ಹರ್ಟ್ಸ್, ಆದರೆ ಯುರೋಪಿನ ಹಲವು ಕಡೆ 442, 443ಕ್ಕೆ ಏರಿಸಿರುತ್ತಾರೆ. ಅಲ್ಲಿರುವ ಪಿಯಾನೊ ಕೇಳಿಯೇ ಶ್ರುತಿ ಮಾಡಿ. ಶುರು ಮಾಡುವ ಮುಂಚೆ ಎರಡು ಬಾರ್ ಮನಸ್ಸಿನಲ್ಲೇ ಹಾಡಿಕೊಳ್ಳಿ. ಗಾಬರಿಯಲ್ಲಿ ಎಲ್ಲರೂ ಅಂದುಕೊಂಡಿದ್ದಕ್ಕಿಂತ ವೇಗವಾಗಿ ಹೊರಡುತ್ತಾರೆ, ಆಮೇಲೆ ಕಷ್ಟದ ಬಾರ್ ಬಂದಾಗ ಸಿಕ್ಕಿಹಾಕಿಕೊಳ್ಳುತ್ತಾರೆ.

ಮಾತುಕತೆಯಲ್ಲಿ "ಇಲ್ಲಿಗೇ ಯಾಕೆ ಬರಬೇಕು ಅನ್ನಿಸಿತು?" ಅಂತ ಕೇಳುತ್ತಾರೆ. "ನಿಮ್ಮದು ಪ್ರಸಿದ್ಧ ಸಂಸ್ಥೆ" ಅನ್ನುವುದು ಉತ್ತರ ಅಲ್ಲ. ಯಾವ ಮೇಷ್ಟ್ರು, ಯಾವ ತಂಡ, ಯಾವ ವಿಷಯ, ಅಂತ ಹೇಳಿ. ಈಚೆಗೆ ಏನು ಕೇಳುತ್ತಿದ್ದೀಯ ಅಂದರೆ ನಿಜವಾಗಿ ಕೇಳಿದ್ದನ್ನೇ ಹೇಳಿ. ನೀವೂ ಪ್ರಶ್ನೆ ಕೇಳಿ: ನನಗೆ ಯಾರು ಪಾಠ ಮಾಡುತ್ತಾರೆ, ವಾರಕ್ಕೆ ಎಷ್ಟು ಹೊತ್ತು, ಅಭ್ಯಾಸದ ಕೋಣೆ ಸಿಗುತ್ತದಾ. ಅಪ್ಪ ಅಮ್ಮಂದಿರಿಗೆ ಒಂದು ಕೋರಿಕೆ. ಬಾಗಿಲವರೆಗೆ ಬನ್ನಿ, ಮಕ್ಕಳ ಪರವಾಗಿ ನೀವು ಉತ್ತರ ಕೊಡಬೇಡಿ. ಹೊರಗೆ ಬಂದ ತಕ್ಷಣ "ಹೇಗಾಯಿತು, ಎಲ್ಲಿ ತಪ್ಪಿತು" ಅಂತ ಕೇಳಬೇಡಿ. ಊಟ ಮಾಡಿಸಿ.

ಇನ್ನು ಫಲಿತಾಂಶ. ಇಲ್ಲಿ ಒಂದು ಸತ್ಯ ನೇರವಾಗಿ ಹೇಳಬೇಕು. ಸೀಟುಗಳು ವಾದ್ಯದ ಲೆಕ್ಕದಲ್ಲಿ ಇರುತ್ತವೆ. ವಾದ್ಯವೃಂದಕ್ಕೆ ಇಷ್ಟು ಫ್ಲೂಟ್, ಇಷ್ಟು ಬಸೂನ್ ಅಂತ ಮಿತಿ ಇರುತ್ತದೆ. ಈ ವರ್ಷ ಫ್ಲೂಟ್‌ನವರು ಯಾರೂ ಓದು ಮುಗಿಸಿ ಹೋಗದಿದ್ದರೆ ಫ್ಲೂಟಿಗೆ ಸೀಟೇ ಇರುವುದಿಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಕರ್ಟಿಸ್ ಇನ್‌ಸ್ಟಿಟ್ಯೂಟ್ ಅನ್ನುವ ಸಂಗೀತ ಶಾಲೆಯಲ್ಲಿ 1928ರಿಂದ ಯಾರಿಗೂ ಬೋಧನಾ ಶುಲ್ಕ ಇಲ್ಲ. ಇಡೀ ಸಂಸ್ಥೆಯಲ್ಲಿ ಇರುವವರು ನೂರೈವತ್ತರ ಆಸುಪಾಸು. ಅಂಥ ಕಡೆ ಎಷ್ಟೋ ವಾದ್ಯಗಳಿಗೆ ಒಂದು ವರ್ಷದಲ್ಲಿ ಒಂದೋ ಎರಡೋ ಜಾಗ. ನಿಮ್ಮಷ್ಟೇ ಚೆನ್ನಾಗಿ ನುಡಿಸಿದ ಹತ್ತು ಜನ ಹೊರಗೆ ಉಳಿಯುತ್ತಾರೆ. ಆಡಿಷನ್‌ನ ಸರದಿ ಕೂಡ ನಮ್ಮ ಕೈಯಲ್ಲಿಲ್ಲ. ಬ್ರಸೆಲ್ಸ್‌ನ ಕ್ವೀನ್ ಎಲಿಜಬೆತ್ ಸಂಗೀತ ಸ್ಪರ್ಧೆಯ ಫಲಿತಾಂಶಗಳನ್ನು ಇಬ್ಬರು ಅರ್ಥಶಾಸ್ತ್ರಜ್ಞರು 1996ರಲ್ಲಿ ಪರಿಶೀಲಿಸಿದ್ದರು. ಸರದಿ ಚೀಟಿ ಎತ್ತಿ ನಿರ್ಧಾರವಾಗಿದ್ದರೂ ಮೊದಲ ದಿನ ನುಡಿಸಿದವರು ಮೇಲಿನ ಸ್ಥಾನಕ್ಕೆ ಬಂದದ್ದು ಕಡಿಮೆ. ಅನುಭವಿ ತೀರ್ಪುಗಾರರ ಕಿವಿಯೂ ಹೀಗೆ.

ಇಟಲಿಯ ಒಪೆರಾ ಸಂಯೋಜಕ ವರ್ದಿಯ ಹೆಸರು ಕೇಳಿರುತ್ತೀರಿ. 1832ರಲ್ಲಿ, 18ನೇ ವಯಸ್ಸಿನಲ್ಲಿ, ಮಿಲಾನ್ ಕನ್ಸರ್ವೇಟರಿಗೆ ಅರ್ಜಿ ಹಾಕಿದ. ಸೇರಿಸಿಕೊಳ್ಳಲಿಲ್ಲ. ವಯಸ್ಸು ಮಿತಿಗಿಂತ ಜಾಸ್ತಿಯಾಗಿತ್ತು, ಪಿಯಾನೊ ಮೇಲೆ ಕೈ ಇಡುವ ರೀತಿ ಸರಿಯಿಲ್ಲ ಅಂತಲೂ ಹೇಳಿದರು. ಅವನು ಅದೇ ಊರಿನಲ್ಲಿ ಉಳಿದು ಖಾಸಗಿಯಾಗಿ ಒಬ್ಬ ಗುರುಗಳ ಹತ್ತಿರ ಕಲಿತ. ಇವತ್ತು ಆ ಕನ್ಸರ್ವೇಟರಿಗೆ ಅವನ ಹೆಸರೇ ಇದೆ. ಸೀಟು ಸಿಗದವರೆಲ್ಲ ವರ್ದಿ ಆಗುತ್ತಾರೆ ಅಂತ ನಾನು ಹೇಳುತ್ತಿಲ್ಲ. ಈ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸುವುದು, ಅವನು ಕಲಿಯುವುದನ್ನು ಬಿಡಲಿಲ್ಲ ಅನ್ನುವುದು. ಬಾಗಿಲು ಮುಚ್ಚಿದ ಊರಿನಲ್ಲೇ ಗುರುವನ್ನು ಹುಡುಕಿಕೊಂಡ.

ಸೀಟು ಸಿಗದಿದ್ದರೆ ಏನು ಮಾಡಬೇಕು ಅಂತ ಮುಂದಿನ ಸಾಲಿನಲ್ಲಿ ಕೂತ ಒಬ್ಬರು ಕೇಳಿದರು. ಮೊದಲು, ಪ್ಯಾನೆಲ್‌ನ ಅಭಿಪ್ರಾಯ ಕೊಡುತ್ತೀರಾ ಅಂತ ಚಿಕ್ಕದಾಗಿ ಒಂದು ಇ-ಮೇಲ್ ಬರೆಯಿರಿ. ಕೆಲವರು ಕೊಡುತ್ತಾರೆ. ಕೊಟ್ಟರೆ ವಾದ ಮಾಡಬೇಡಿ, ನಿಮ್ಮ ಗುರುಗಳ ಜೊತೆ ಕೂತು ಓದಿ. ವೇಟಿಂಗ್ ಲಿಸ್ಟ್‌ನಲ್ಲಿದ್ದರೆ ನನಗೆ ಇನ್ನೂ ಆಸಕ್ತಿ ಇದೆ ಅಂತ ಒಂದು ಸಾಲು ತಿಳಿಸಿ. ಬೇರೆಯವರು ಬಿಟ್ಟ ಸೀಟು ಕೊನೆಯ ವಾರಗಳಲ್ಲಿ ಬರುವುದುಂಟು. ಒಂದು ವರ್ಷ ಬಿಟ್ಟು ಮತ್ತೆ ಪ್ರಯತ್ನಿಸಬಹುದು, ಅದಕ್ಕೆ ಬಹುತೇಕ ಕಡೆ ಅಡ್ಡಿ ಇಲ್ಲ. ಆದರೆ ಆ ವರ್ಷ ಗುರುಗಳ ಪಾಠ ನಡೆಯುತ್ತಿರಬೇಕು, ಹೊಸ ಪೀಸ್ ಕಲಿಯಬೇಕು. ಅದೇ ಪೀಸ್‌ಗಳನ್ನು ತಿಕ್ಕುತ್ತಾ ಕೂರಬೇಡಿ. ಹೋದ ವರ್ಷ ನಿಮ್ಮನ್ನು ಕೇಳಿದವರೇ ಈ ವರ್ಷವೂ ಆ ಮೇಜಿನ ಹಿಂದೆ ಕೂತಿರಬಹುದು, ಅವರಿಗೆ ಬದಲಾವಣೆ ಕೇಳಿಸಬೇಕು.

ಸಿಕ್ಕಿದವರಿಗೂ ಒಂದು ಮಾತು. ಸೀಟಿನ ಪತ್ರ, ಸ್ಕಾಲರ್‌ಶಿಪ್ ಪತ್ರ ಎರಡೂ ಒಟ್ಟಿಗೆ ಬರಬೇಕೆಂದಿಲ್ಲ. ಯಾವ ಮೇಷ್ಟ್ರ ಹತ್ತಿರ ಹಾಕಿದ್ದಾರೆ ಅನ್ನುವುದು ಇನ್ನೂ ತಡವಾಗಿ ಗೊತ್ತಾಗಬಹುದು. ಒಪ್ಪಿಗೆ ಕಳಿಸುವ ಗಡುವು ನೋಡಿಕೊಳ್ಳಿ, ಗಡುವಿನೊಳಗೆ ಈ ಮೂರೂ ಕೇಳಿ ತಿಳಿದುಕೊಂಡು, ಆಮೇಲೆ ಸಹಿ ಮಾಡಿ.